ದಾರಿಯಲ್ಲಿ ಸೈಕಲ್ ಕೆಟ್ಟರೆ ಹುಲ್ಲು, ಹತ್ತರ ನೋಟು, ಎಕ್ಕದ ಹಾಲು: ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ?

"ಪಂಚರ್ ಆದರೆ ಚಿಂತೆ ಬೇಡ, ಟಯರಿಗೆ ಹುಲ್ಲು ತುಂಬಿ ಹೊರಡಿ." "ಟಯರ್ ಹರಿದರೆ ಹತ್ತು ರೂಪಾಯಿ ನೋಟು ಸಾಕು." "ಬ್ರೇಕ್ ವೈರ್ ತುಂಡಾಯಿತೇ? ಕಾಲಲ್ಲಿ ಚಪ್ಪಲಿ ಇದೆಯಲ್ಲ!" ಅರ್ಧ ನಿಮಿಷದ ಇಂಥ ವಿಡಿಯೋಗಳು, ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ನೀವೂ ಒಂದೆರಡನ್ನು ಮುಂದೆ ಕಳಿಸಿರಬಹುದು. ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು. ಆದರೆ ಹೆಚ್ಚಿನವು ಅರ್ಧ ನಿಜ, ಮತ್ತು ಪೆಟ್ಟು ಕೊಡುವುದು ಈ ಅರ್ಧ ನಿಜಗಳೇ. ಹುಲ್ಲು ತುಂಬಿದ ಟಯರ್ ಉರುಳುತ್ತದೆ, ಸರಿ. ಆದರೆ ಯಾವ ಚಕ್ರಕ್ಕೆ ತುಂಬಬೇಕು, ಎಷ್ಟು ದೂರ ಹೋಗಬಹುದು, ಎಷ್ಟು ವೇಗದಲ್ಲಿ ಹೋಗಬಹುದು ಎಂಬ ಮೂರು ಮಾತನ್ನು ವಿಡಿಯೋ ಹೇಳುವುದೇ ಇಲ್ಲ.

ಈ ಉಪಾಯಗಳನ್ನು ಒಂದು ನಿಜವಾದ ರಸ್ತೆಯ ಮೇಲಿಟ್ಟು ನೋಡೋಣ. ಹಾಸನ ಜಿಲ್ಲೆಯ ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಸುಮಾರು 16 ಕಿ.ಮೀ. ದೂರದ ಬೇಲೂರು. ತೆಂಗಿನ ತೋಟ, ರಾಗಿ ಹೊಲಗಳ ಒಣ ಸೀಮೆಯಲ್ಲಿ ಶುರುವಾಗಿ, ಮಲೆನಾಡಿನ ಅಂಚಿನಲ್ಲಿ ಯಗಚಿ ಹೊಳೆಯ ಬಳಿ ಮುಗಿಯುವ ದಾರಿ ಇದು. ಅರಸೀಕೆರೆಯ ಈಶ್ವರ ಗುಡಿ, ಜಾವಗಲ್ಲಿನ ಲಕ್ಷ್ಮೀನರಸಿಂಹ, ಹಳೇಬೀಡಿನ ಹೊಯ್ಸಳೇಶ್ವರ, ಬೇಲೂರಿನ ಚೆನ್ನಕೇಶವ ಎಲ್ಲವೂ ಈ ದಾರಿಯಲ್ಲೇ ಸಿಗುತ್ತವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಗೇರ್ ಸೈಕಲ್, ಹೆಲ್ಮೆಟ್ ಹಾಕಿಕೊಂಡು ಗುಡಿ ನೋಡುತ್ತಾ ದೂರದೂರ ಸೈಕಲ್ ಹೊಡೆಯುವವರಿಗೆ ಇಂಥ ದಾರಿ ಹೇಳಿ ಮಾಡಿಸಿದಂತಿದೆ.

ಆದರೆ ನಾವು ಹೆಚ್ಚಾಗಿ ಯೋಚಿಸುತ್ತಿರುವುದು ಅವರ ಬಗ್ಗೆ ಅಲ್ಲ. ಅವರ ಬ್ಯಾಗಿನಲ್ಲಿ ಬದಲಿ ಟ್ಯೂಬ್, ಪುಟ್ಟ ಪಂಪ್ ಇರುತ್ತದೆ, ಜೇಬಿನಲ್ಲಿ ಟ್ಯಾಕ್ಸಿಗೆ ದುಡ್ಡೂ ಇರುತ್ತದೆ. ಹಳ್ಳಿಯಿಂದ ಹೈಸ್ಕೂಲಿಗೆ ನಾಲ್ಕೈದು ಕಿ.ಮೀ. ತುಳಿಯುವ ಹುಡುಗಿ, ಕ್ಯಾನ್ ನೇತುಹಾಕಿಕೊಂಡು ಬೆಳಿಗ್ಗೆ ಡೇರಿಗೆ ಹಾಲು ಒಯ್ಯುವವರು, ತೋಟದ ಕೆಲಸಕ್ಕೆ ಹೋಗುವವರು, ಇವರ ಬಳಿ ಅದ್ಯಾವುದೂ ಇರುವುದಿಲ್ಲ. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತ್ತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಆಗ ಬಂದ ಸೈಕಲ್ಲುಗಳಲ್ಲಿ ಎಷ್ಟೋ ಇವತ್ತಿಗೆ ಅಣ್ಣನಿಂದ ತಂಗಿಗೆ, ತಂಗಿಯಿಂದ ತಮ್ಮನಿಗೆ ದಾಟಿ ಹಳತಾಗಿವೆ. ಹಳೆ ಸೈಕಲ್ ಹೆಚ್ಚು ಕೆಡುತ್ತದೆ, ಫೋನಿನಲ್ಲಿ ಬಂದ ಉಪಾಯವನ್ನು ಹೆಚ್ಚು ಪರೀಕ್ಷಿಸುವುದೂ ಇಂಥ ಸೈಕಲ್ಲಿನ ಮೇಲೆಯೇ.

ಪಂಚರ್ ಎಂದುಕೊಂಡಿದ್ದು ಪಂಚರ್ ಅಲ್ಲದೆಯೂ ಇರಬಹುದು

ಚಕ್ರದ ಗಾಳಿ ಇಳಿದ ಕೂಡಲೇ ಟಯರ್ ಬಿಚ್ಚಬೇಡಿ. ನಮ್ಮ ಸಾಮಾನ್ಯ ಸೈಕಲ್ಲುಗಳಲ್ಲಿ ಗಾಳಿ ಹಿಡಿದಿಡುವುದು ಒಂದು ಬೆರಳುದ್ದದ ತೆಳು ರಬ್ಬರ್ ಕೊಳವೆ. ಅಂಗಡಿಯಲ್ಲಿ ಇದನ್ನು ವಾಲ್ ಟ್ಯೂಬ್ ಎನ್ನುತ್ತಾರೆ. ವಾಲ್ ಕಡ್ಡಿಯ ಪಕ್ಕದಲ್ಲಿ ಸಣ್ಣ ತೂತಿದೆ, ಅದರ ಮೇಲೆ ಈ ರಬ್ಬರ್ ಬಿಗಿಯಾಗಿ ಕೂತಿರುತ್ತದೆ. ಪಂಪ್ ಹೊಡೆದಾಗ ಗಾಳಿ ರಬ್ಬರನ್ನು ಎತ್ತಿ ಒಳಗೆ ನುಗ್ಗುತ್ತದೆ, ಪಂಪ್ ನಿಲ್ಲಿಸಿದಾಗ ಒಳಗಿನ ಗಾಳಿಯೇ ರಬ್ಬರನ್ನು ತೂತಿಗೆ ಒತ್ತಿ ಬಾಗಿಲು ಹಾಕುತ್ತದೆ. ಬಿಸಿಲಿಗೆ ಈ ರಬ್ಬರ್ ಒಣಗಿ ಸೀಳುತ್ತದೆ. ಆಗ ಟ್ಯೂಬಿನಲ್ಲಿ ಒಂದೇ ಒಂದು ತೂತಿಲ್ಲದಿದ್ದರೂ ಗಾಳಿ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ವಾಲ್ ಮೇಲೆ ಸ್ವಲ್ಪ ಎಂಜಲು ಅಥವಾ ನೀರು ಹಚ್ಚಿ. ಗುಳ್ಳೆ ಎದ್ದರೆ ತಪ್ಪು ಅಲ್ಲೇ ಇದೆ. ರಬ್ಬರ್ ತುದಿಯಲ್ಲಿ ಮಾತ್ರ ಸೀಳಿದ್ದರೆ, ಸೀಳಿದ ಭಾಗ ಕತ್ತರಿಸಿ ಉಳಿದದ್ದನ್ನು ಒದ್ದೆ ಮಾಡಿಕೊಂಡು ತೂತು ಮುಚ್ಚುವಷ್ಟು ಕೆಳಕ್ಕೆ ಎಳೆದು ಕೂರಿಸಬಹುದು. ದಾರಿಯಲ್ಲಿ ಮಾಡುವ ರಿಪೇರಿಗಳಲ್ಲಿ ನಾವು ಯಾವ ಷರತ್ತೂ ಹಾಕದೆ ಒಪ್ಪುವುದು ಇದೊಂದನ್ನೇ. ಇದಕ್ಕೆ ವಿಡಿಯೋ ಮಾಡಿದವರು ಕಡಿಮೆ. ನೋಡಲು ಮಜವಾಗಿಲ್ಲ, ಅದಕ್ಕಿರಬಹುದು.

ನಿಜವಾದ ಪಂಚರ್ ಆಗಿದ್ದರೆ, ಈ ಒಣ ಸೀಮೆಯಲ್ಲಿ ಮೊದಲ ಅನುಮಾನ ನೆಗ್ಗಿಲು ಮುಳ್ಳಿನ ಮೇಲೆ. ನೆಲಕ್ಕೆ ಅಂಟಿಕೊಂಡು ಹಬ್ಬುವ, ಪುಟ್ಟ ಹಳದಿ ಹೂ ಬಿಡುವ ಗಿಡ ಅದು. ಕಾಯಿ ಒಣಗಿ ಒಡೆದಾಗ ಒಂದೊಂದು ಚೂರೂ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೆ ಚಾಚಿರುತ್ತದೆ. ಅಮೆರಿಕದಲ್ಲಿ ಇದಕ್ಕೆ 'ಪಂಕ್ಚರ್ ವೈನ್' ಎಂದೇ ಹೆಸರು ಬಿದ್ದಿದೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದಾಗ ನೀವು ಡಾಂಬರು ಬಿಟ್ಟು ಮಣ್ಣಿನ ಅಂಚಿಗೆ ಇಳಿಯುತ್ತೀರಲ್ಲ, ಅದು ಕಾಯುತ್ತಿರುವುದು ಅಲ್ಲೇ. ಜಾಲಿ ಮುಳ್ಳಿನ ಕತೆಯೂ ಹೀಗೇ.

ಮುಳ್ಳು ಕಂಡ ಕೂಡಲೇ ಕೀಳಬೇಕೇ? ರಿಪೇರಿ ಸಾಮಾನು ಕೈಯಲ್ಲಿದ್ದರೆ ಕೀಳಿ. ಇಲ್ಲದಿದ್ದರೆ, ಗಾಳಿ ನಿಧಾನವಾಗಿ ಹೋಗುತ್ತಿದ್ದರೆ, ಬಿಟ್ಟುಬಿಡಿ. ಮುಳ್ಳೇ ತೂತಿಗೆ ಬಿರಡೆಯಂತೆ ಕೂತಿರುತ್ತದೆ. ಎರಡು ಸಲ ಗಾಳಿ ಹೊಡೆದುಕೊಂಡು ಮುಂದಿನ ಊರು ಸೇರಬಹುದು, ಕಿತ್ತರೆ ನಿಂತಲ್ಲೇ ನಿಲ್ಲಬೇಕು.

ಎಕ್ಕದ ಹಾಲು: ಇದನ್ನು ಮಾತ್ರ ಮುಟ್ಟಬೇಡಿ

"ಎಕ್ಕದ ಹಾಲು ನೈಸರ್ಗಿಕ ರಬ್ಬರ್, ತೂತಿನ ಮೇಲೆ ಹಚ್ಚಿದರೆ ಪಂಚರ್ ಮುಚ್ಚುತ್ತದೆ" ಎಂಬ ಮಾತಿದೆ. ಕೇಳಲು ವಿಜ್ಞಾನದಂತೆಯೇ ಇದೆ. ರಬ್ಬರ್ ಮರದ ಹಾಲಿನಿಂದ ರಬ್ಬರ್ ಆಗುತ್ತದೆ, ಎಕ್ಕದ ಗಿಡದಲ್ಲೂ ಬಿಳಿ ಹಾಲಿದೆ, ಹಾಗಾದರೆ ಇದೂ ರಬ್ಬರೇ ಎಂಬ ಲೆಕ್ಕ. ಬಿಳಿ ಹಾಲು ಬಂದ ಮಾತ್ರಕ್ಕೆ ಅದರಲ್ಲಿ ಟ್ಯೂಬಿನ ಒತ್ತಡ ತಡೆಯುವಷ್ಟು ಒಳ್ಳೆಯ ರಬ್ಬರ್ ಇರುವುದಿಲ್ಲ. ಒಣಗಿದ ಮೇಲೆ ಉಳಿಯುವುದು ಸುಲಭವಾಗಿ ಉದುರುವ ಪದರ.

ಟ್ಯೂಬ್ ಹೋಗಲಿ, ಕಣ್ಣಿನ ವಿಷಯಕ್ಕೆ ಬರೋಣ. ಎಕ್ಕದ ಹಾಲು ಕಣ್ಣಿಗೆ ತಾಗಿದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಊದಿಕೊಂಡು ಮಂಜಾಗುತ್ತದೆ. ಭಾರತದ ಕಣ್ಣಿನ ವೈದ್ಯರು ಇಂಥ ರೋಗಿಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಇದರ ಮೋಸ ಏನೆಂದರೆ ಬಹಳ ಸಲ ನೋವೇ ಹೆಚ್ಚಿರುವುದಿಲ್ಲ. ಹಾಲು ತಾಗಿ ಕೆಲವು ಗಂಟೆಗಳ ಮೇಲೆ ದೃಷ್ಟಿ ಮಸುಕಾಗುತ್ತದೆ. ಪಂಚರ್ ಹಾಕುವವರು ಬೆವರು ಒರೆಸಿಕೊಳ್ಳದೆ ಇರುತ್ತಾರೆಯೇ? ಕೈಗೆ ಮೆತ್ತಿದ್ದು ಕಣ್ಣಿಗೆ ಹೋಗಲು ಅಷ್ಟು ಸಾಕು. ಹೋದರೆ ಶುದ್ಧ ನೀರಿನಲ್ಲಿ 15-20 ನಿಮಿಷ ಬಿಡದೆ ತೊಳೆದು, ನೋವಿಲ್ಲದಿದ್ದರೂ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ.

ಹಲಸಿನ ಮೇಣದಿಂದ ಇಷ್ಟು ಅಪಾಯವಿಲ್ಲ. ಒಡೆದ ಪಾತ್ರೆಗೆ ಮೆತ್ತಲು ಹಳ್ಳಿಗಳಲ್ಲಿ ಅದನ್ನು ಬಳಸುತ್ತಿದ್ದರು. ಆದರೆ ಬಿಸಿಗೆ ಅದು ಮೆತ್ತಗಾಗುತ್ತದೆ, ಮಧ್ಯಾಹ್ನದ ಡಾಂಬರು ರಸ್ತೆಯಲ್ಲಿ ಟಯರಿನ ಒಳಗೆ ಬೇಕಾದಷ್ಟು ಬಿಸಿ ಇರುತ್ತದೆ. ಇನ್ನು ಫೆವಿಕ್ವಿಕ್ ತರಹದ ಅಂಟು. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಟ್ಯೂಬ್ ಮಾತ್ರ ಪ್ರತಿ ಸುತ್ತಿಗೂ ಬಳುಕುತ್ತದೆ. ಬಳುಕುವ ವಸ್ತುವಿನ ಮೇಲೆ ಬಳುಕದ ಪದರ ಬಿರುಕು ಬಿಡದೆ ಇರದು.

ಹಾಗಾದರೆ ಅಂಗಡಿಯ ಸಲ್ಯೂಷನ್ ಏಕೆ ನಿಲ್ಲುತ್ತದೆ? ಅದು ದ್ರಾವಕದಲ್ಲಿ ಕರಗಿಸಿದ ರಬ್ಬರ್. ದ್ರಾವಕ ಆರಿದ ಮೇಲೆ ಉಳಿಯುವುದು ಟ್ಯೂಬಿನಷ್ಟೇ ಬಳುಕುವ ರಬ್ಬರ್ ಪದರ, ಅದು ಟ್ಯೂಬನ್ನೂ ಪ್ಯಾಚನ್ನೂ ಒಟ್ಟಿಗೆ ಹಿಡಿಯುತ್ತದೆ. ಇಲ್ಲಿ ಜನ ಎಡವುವುದು ಅವಸರದಲ್ಲಿ. ಸಲ್ಯೂಷನ್ ಒದ್ದೆ ಇರುವಾಗಲೇ ಪ್ಯಾಚ್ ಒತ್ತಿದರೆ ಒಳಗಿನ ದ್ರಾವಕ ಆರಲು ದಾರಿಯಿಲ್ಲದೆ ಪ್ಯಾಚ್ ಜಾರುತ್ತದೆ. ತೆಳುವಾಗಿ ಹಚ್ಚಿ, ಬೆರಳಿಗೆ ಅಂಟುವುದು ನಿಲ್ಲುವ ತನಕ ನಾಲ್ಕೈದು ನಿಮಿಷ ಕಾಯಿರಿ, ಆಮೇಲೆ ಬಲವಾಗಿ ಒತ್ತಿ. ಹಚ್ಚುವ ಮುಂಚೆ ಟ್ಯೂಬನ್ನು ಉಜ್ಜಿ ಒರಟು ಮಾಡಬೇಕು. ಉಪ್ಪು ಕಾಗದ ಇಲ್ಲದಿದ್ದರೆ ಮೋರಿ ಕಟ್ಟೆಯ ಸಿಮೆಂಟ್ ಸಾಕು. (ಹಳೇಬೀಡಿನ ಗುಡಿಯ ಕಲ್ಲು ಬಳಪದ ಕಲ್ಲು, ಮೃದು. ಉಜ್ಜಲು ಪ್ರಯೋಜನವಿಲ್ಲ, ಉಜ್ಜುವುದು ಅಪರಾಧ ಕೂಡ.)

ಬಾಯಿಂದ ಊದಿ ಗಾಳಿ ತುಂಬಿಸುವ ವಿಡಿಯೋವನ್ನು ನಂಬಬೇಡಿ. ಮನುಷ್ಯನ ಶ್ವಾಸಕೋಶ ಹೆಚ್ಚೆಂದರೆ ಒಂದೆರಡು ಪಿಎಸ್‌ಐ ಒತ್ತಡ ಕೊಡಬಲ್ಲದು. ಸೈಕಲ್ ಟಯರಿಗೆ ಅದರ ಇಪ್ಪತ್ತು ಪಟ್ಟು ಬೇಕು. ಟಯರಿನ ಅಂಚಿಗೆ ಏನನ್ನೋ ಸಿಂಪಡಿಸಿ ಬೆಂಕಿ ಕೊಟ್ಟು 'ಢಂ' ಎನ್ನಿಸುವ ವಿಡಿಯೋ ಟ್ಯೂಬಿಲ್ಲದ ದೊಡ್ಡ ಟಯರುಗಳದ್ದು. ಟ್ಯೂಬ್ ಇರುವ ಸೈಕಲ್ಲಿಗೆ ಅದರ ಅಗತ್ಯವೇ ಇಲ್ಲ. ಸುಡುವುದು ನಿಮ್ಮ ಟ್ಯೂಬು, ಜೊತೆಗೆ ಹುಬ್ಬು.

ಹುಲ್ಲು ಮತ್ತು ನಾರು: ಹಿಂದಿನ ಚಕ್ರಕ್ಕೆ, ನಡಿಗೆಯ ವೇಗಕ್ಕೆ

ಗಾಳಿಯಿಲ್ಲದ ಟಯರಿಗೆ ಹುಲ್ಲು ತುಂಬುವುದು ಹಳೆಯ ಉಪಾಯ, ಅನೇಕ ದೇಶಗಳ ಸೈಕಲ್ ಸವಾರರು ಮಾಡಿರುವಂಥದ್ದು. ಗಾಳಿಯ ಬದಲು ಬೇರೇನಾದರೂ ರಿಮ್ಮನ್ನು ನೆಲದಿಂದ ಎತ್ತಿ ಹಿಡಿಯಬೇಕು, ಅಷ್ಟೇ. ಅರಸೀಕೆರೆ ಕಡೆ ತೆಂಗಿನ ಸಿಪ್ಪೆಗೆ ಬರವಿಲ್ಲ. ಹಸಿ ಹುಲ್ಲು ತುಳಿತಕ್ಕೆ ರಸ ಬಿಟ್ಟು ಕುಗ್ಗುತ್ತದೆ, ಒಣ ನಾರು ಒತ್ತಿದರೂ ಮತ್ತೆ ಉಬ್ಬುತ್ತದೆ. ಆದ್ದರಿಂದ ನಾರೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ವಿಡಿಯೋದಲ್ಲಿ ತೋರಿಸದ ಸಂಗತಿ ಶ್ರಮದ್ದು. ಒಂದೂವರೆ ಇಂಚು ದಪ್ಪದ ದೊಡ್ಡ ಟಯರಿನ ಒಳಗೆ ಸುಮಾರು ಎರಡೂವರೆ ಲೀಟರ್ ಜಾಗವಿದೆ. ಅಷ್ಟನ್ನು ಕಲ್ಲಿನಂತೆ ಗಟ್ಟಿಯಾಗಿ ತುಂಬಲು ಒಂದು ದೊಡ್ಡ ಹೊರೆ ಸಡಿಲ ಹುಲ್ಲು ಬೇಕು. ಕೈ ಬೆರಳು ನೋಯುತ್ತವೆ, ಅರ್ಧ ಗಂಟೆ ಹೋಗುತ್ತದೆ. ಮೂರು ಕಿ.ಮೀ. ದೂರದಲ್ಲಿ ಅಂಗಡಿ ಇದ್ದರೆ ಅಷ್ಟು ಹೊತ್ತಿಗೆ ತಳ್ಳಿಕೊಂಡೇ ಹೆಚ್ಚುಕಡಿಮೆ ತಲುಪಿರುತ್ತೀರಿ.

ಅಪಾಯ ಇರುವುದು ತಿರುವಿನಲ್ಲಿ. ಗಾಳಿ ತುಂಬಿದ ಟ್ಯೂಬ್ ಟಯರಿನ ಅಂಚನ್ನು ಸುತ್ತಲೂ ಒಂದೇ ಸಮ ರಿಮ್ಮಿಗೆ ಒತ್ತಿ ಹಿಡಿಯುತ್ತದೆ. ಹುಲ್ಲು ಹಾಗೆ ಹಿಡಿಯದು. ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೊಳ್ಳು. ವಾಲಿದಾಗ ಪೊಳ್ಳಾದ ಕಡೆಯ ಟಯರ್ ರಿಮ್ಮಿನಿಂದ ಜಾರಿ ಹೊರಬರಬಹುದು. ಹಿಂದಿನ ಚಕ್ರದಲ್ಲಿ ಹೀಗಾದರೆ ಬಾಲ ಅಲ್ಲಾಡುತ್ತದೆ, ಕಾಲೂರಿ ನಿಲ್ಲಬಹುದು. ಮುಂದಿನ ಚಕ್ರದಲ್ಲಿ ಹೀಗಾದರೆ ಹ್ಯಾಂಡಲ್ ನಿಮ್ಮ ಮಾತು ಕೇಳುವುದಿಲ್ಲ, ಮುಖ ಅಡಿಯಾಗಿ ಬೀಳುತ್ತೀರಿ. ಬರಿಗಾಳಿ ಇಳಿದ ಮುಂದಿನ ಚಕ್ರವೂ ಅಷ್ಟೇ ಅಪಾಯಕಾರಿ. ಆದ್ದರಿಂದ ಹುಲ್ಲು, ನಾರು, ಬಟ್ಟೆ ಏನೇ ಇರಲಿ ಹಿಂದಿನ ಚಕ್ರಕ್ಕೆ ಮಾತ್ರ, ಅದೂ ನಡೆಯುವವರ ವೇಗದಲ್ಲಿ, ಹಿಂದೆ ಯಾರನ್ನೂ ಕೂರಿಸದೆ, ಇಳಿಜಾರಿನಲ್ಲಿ ಇಳಿದು ತಳ್ಳಿಕೊಂಡು. ಮುಂದಿನ ಚಕ್ರ ಪಂಚರ್ ಆಗಿದ್ದರೆ? ಎರಡೂ ಚಕ್ರದ ಅಳತೆ ಒಂದೇ ಆಗಿದ್ದು, ಸ್ಪ್ಯಾನರ್ ಸಿಕ್ಕರೆ, ಹಿಂದಿನ ಒಳ್ಳೆಯ ಟ್ಯೂಬನ್ನು ಮುಂದಕ್ಕೆ ಹಾಕಿ, ಹುಲ್ಲನ್ನು ಹಿಂದಕ್ಕೆ ತುಂಬಿ. ಸ್ಪ್ಯಾನರ್ ಇಲ್ಲದಿದ್ದರೆ ನಡೆಯಿರಿ.

ಹುಲ್ಲಿಗಿಂತ ಬೇಗ ಆಗುವ ಕೆಲಸ ಟ್ಯೂಬನ್ನು ಕಟ್ಟುವುದು. ತೂತಿರುವ ಜಾಗವನ್ನು ಮಡಚಿ, ಹಳೆ ಟ್ಯೂಬಿನ ಪಟ್ಟಿಯಿಂದಲೋ ಗಟ್ಟಿ ದಾರದಿಂದಲೋ ಎರಡೂ ಬದಿ ಬಿಗಿಯಾಗಿ ಸುತ್ತಿದರೆ ಉಳಿದ ಭಾಗ ಗಾಳಿ ಹಿಡಿಯುತ್ತದೆ. ಪ್ರತಿ ಸುತ್ತಿಗೊಮ್ಮೆ ಕುಂಡಿಗೆ 'ದಕ್' ಎನ್ನುತ್ತದೆ, ಆದರೂ ಊರು ಮುಟ್ಟಿಸುತ್ತದೆ. ಇದಕ್ಕೆ ಪಂಪ್ ಬೇಕು ಎಂಬುದು ಮರೆಯಬೇಡಿ.

ಹತ್ತರ ನೋಟು ಗಾಳಿ ತಡೆಯುವುದಿಲ್ಲ

ನೋಟಿನ ಉಪಾಯ ಬಂದಿರುವುದು ಅಮೆರಿಕದಿಂದ. ಅಲ್ಲಿ ಡಾಲರ್ ನೋಟು ಬಳಸುತ್ತಿದ್ದರು. ಡಾಲರ್ ನೋಟಿನ ಕಾಗದ ಹತ್ತಿ ಮತ್ತು ಅಗಸೆ ನಾರಿನದ್ದು, ನಮ್ಮ ನೋಟಿನದ್ದು ಪೂರ್ತಿ ಹತ್ತಿಯದ್ದು. ಮಾಮೂಲಿ ಕಾಗದಕ್ಕಿಂತ ಗಟ್ಟಿ ಎಂಬುದು ನಿಜ. ಆದರೆ ಫಾರ್ವರ್ಡ್ ಆಗುತ್ತಾ ಆಗುತ್ತಾ ಉಪಾಯದ ಅರ್ಥವೇ ಬದಲಾಗಿದೆ. ನೋಟು ಟ್ಯೂಬಿನ ತೂತಿಗೆ ಅಂಟಿಸಲು ಅಲ್ಲ. ಟಯರ್ ಸೀಳಿದಾಗ ಒಳಗಿನ ಟ್ಯೂಬ್ ಆ ಸೀಳಿನಿಂದ ಗುಳ್ಳೆಯಂತೆ ಹೊರಬಂದು ಒಡೆಯುತ್ತದೆ. ಹಾಗಾಗದಂತೆ ಟಯರ್ ಮತ್ತು ಟ್ಯೂಬಿನ ನಡುವೆ ತಡೆಯಾಗಿ ಮಡಚಿ ಇಡುವ ವಸ್ತು ಅದು. ಟ್ಯೂಬ್ ಗಟ್ಟಿಯಾಗಿರಬೇಕು, ಗಾಳಿ ಹಿಡಿಯುತ್ತಿರಬೇಕು. ಆಗ ಮಾತ್ರ ಇದರಿಂದ ಉಪಯೋಗ.

ಅದಕ್ಕೆ ನೋಟೇ ಏಕೆ? ಹಳೆ ಟಯರಿನ ಅಂಗೈ ಅಗಲದ ತುಂಡು ಎಲ್ಲಕ್ಕಿಂತ ಚೆನ್ನಾಗಿ ನಿಲ್ಲುತ್ತದೆ, ಪಂಚರ್ ಅಂಗಡಿಯವರೂ ಮಾಡುವುದು ಅದನ್ನೇ. ಅದು ಸಿಗದಿದ್ದರೆ ಖಾಲಿ ಟೂತ್‌ಪೇಸ್ಟ್ ಟ್ಯೂಬ್ ಸೀಳಿ ತೊಳೆದದ್ದು, ಜ್ಯೂಸ್ ಡಬ್ಬಿಯ ದಪ್ಪ ಕಾಗದ ಆಗಬಹುದು. ಹಾಲಿನ ಪ್ಯಾಕೆಟ್ ಅಷ್ಟು ಒಳ್ಳೆಯದಲ್ಲ, ಅದು ಎಳೆದರೆ ಹಿಗ್ಗುತ್ತದೆ. ಗಾಳಿಯನ್ನು ಮಾಮೂಲಿಗಿಂತ ಕಡಿಮೆ ಹಾಕಿ. ಸೀಳು ಟಯರಿನ ಪಕ್ಕೆಯಲ್ಲಿದ್ದು ಹೆಬ್ಬೆರಳಿಗಿಂತ ದೊಡ್ಡದಾಗಿದ್ದರೆ ಯಾವ ನೋಟೂ, ಐನೂರರದ್ದೂ, ಉಳಿಸುವುದಿಲ್ಲ.

ಚೈನು: ಕೊಬ್ಬರಿ ಎಣ್ಣೆ ಮತ್ತು ಕಟ್ಟು ಕಂಬಿ

ಒಣ ಚೈನಿಗೆ ಅಡುಗೆ ಎಣ್ಣೆ ಹಾಕಬಹುದೇ ಎಂಬ ಪ್ರಶ್ನೆಗೆ, ಆ ದಿನದ ಮಟ್ಟಿಗೆ ಹಾಕಬಹುದು ಎನ್ನುತ್ತೇವೆ. ಕೀರಲು ನಿಲ್ಲುತ್ತದೆ, ತುಳಿಯಲು ಹಗುರಾಗುತ್ತದೆ. ಆದರೆ ಸೂರ್ಯಕಾಂತಿಯಂಥ ಎಣ್ಣೆಗಳು ಗಾಳಿಗೆ ತೆರೆದಿಟ್ಟರೆ ದಿನಗಳೆದಂತೆ ಜಿಡ್ಡಾಗಿ ಅಂಟಾಗುತ್ತವೆ, ಡಬ್ಬದ ಬಾಯಿಯ ಸುತ್ತ ಕಟ್ಟುತ್ತದಲ್ಲ ಹಾಗೆ. ಧೂಳು ಅದಕ್ಕೆ ಮೆತ್ತಿ ಉಪ್ಪು ಕಾಗದದಂತೆ ಚೈನನ್ನು ಸವೆಸುತ್ತದೆ. ತೆಂಗಿನ ಸೀಮೆಯ ಕೊಬ್ಬರಿ ಎಣ್ಣೆ ಈ ವಿಷಯದಲ್ಲಿ ವಾಸಿ, ಅದು ಅಷ್ಟು ಬೇಗ ಅಂಟಾಗದು. ಅದರ ತೊಂದರೆ ಬೇರೆ: ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಬೆಳಿಗ್ಗೆ ತಲೆಗೆ ಹಚ್ಚುವ ಡಬ್ಬಿಯನ್ನು ಬಿಸಿಲಿಗಿಡುವವರಿಗೆ ಇದನ್ನು ಹೇಳಬೇಕಿಲ್ಲ.

ಎಣ್ಣೆ ಯಾವುದೇ ಇರಲಿ, ಚೈನಿಗೆ ನಾಲ್ಕು ಹನಿ ಬಿಟ್ಟು ಬಟ್ಟೆಯಲ್ಲಿ ಒರೆಸಿ. ರಿಮ್ಮಿಗೋ ಬ್ರೇಕ್ ಕಟ್ಟೆಗೋ ಒಂದು ಹನಿ ಹಾರಿದರೂ ಬ್ರೇಕ್ ಹಿಡಿಯುವುದಿಲ್ಲ.

ಇಲ್ಲಿನ ರಸ್ತೆಗಳಲ್ಲಿ ಚೈನಿಗೆ ಇನ್ನೊಂದು ಕಾಟ ಒಕ್ಕಣೆ ಕಾಲದಲ್ಲಿ. ರಾಗಿ, ಹುರುಳಿ ಕಟಾವಾದ ಮೇಲೆ ಡಾಂಬರಿನ ಮೇಲೇ ಹರಡಿರುತ್ತಾರೆ. ಆ ಹುಲ್ಲು ಫ್ರೀವೀಲಿಗೆ ಸುತ್ತಿಕೊಂಡರೆ ಚೈನು ಜಿಗಿಯುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಎಳೆದು ಕೀಳಬೇಡಿ, ಪೆಡಲನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿ. ಬೆರಳು ಹಲ್ಲಿಗೆ ಸಿಗದಂತೆ ಕಡ್ಡಿ ಬಳಸಿ.

ತುಂಡಾದ ಚೈನನ್ನು ಕಟ್ಟು ಕಂಬಿಯಿಂದ ಬಿಗಿದು ಹೊರಡುವ ವಿಡಿಯೋ ಬಗ್ಗೆ ಒಂದು ಲೆಕ್ಕ ಮಾಡಿದೆವು. 60 ಕೆ.ಜಿ. ತೂಕದ ಒಬ್ಬರು ಏರಿನಲ್ಲಿ ಎದ್ದು ನಿಂತು ಒಂದು ಪೆಡಲಿನ ಮೇಲೆ ಪೂರ್ತಿ ಭಾರ ಹಾಕಿದರು ಎನ್ನಿ. ಪೆಡಲ್ ಕೈಯ ಉದ್ದ 170 ಮಿ.ಮೀ., 44 ಹಲ್ಲಿನ ಮುಂದಿನ ಚಕ್ರದ ಅರ್ಧವ್ಯಾಸ ಸುಮಾರು 89 ಮಿ.ಮೀ. ಸನ್ನೆಕೋಲಿನ ಲೆಕ್ಕದಲ್ಲಿ ಚೈನಿನ ಮೇಲೆ ಬೀಳುವ ಎಳೆತ ಸುಮಾರು 115 ಕೆ.ಜಿ. ಭಾರದಷ್ಟು. ಮನೆ ಕಟ್ಟುವವರು ಸರಳು ಬಿಗಿಯುವ ತೆಳು ಕಂಬಿಯ ಒಂದು ಎಳೆ ಅದರ ಕಾಲು ಭಾಗಕ್ಕೇ ಹರಿಯಬಹುದು. ಹಾಗೆ ಹರಿದಾಗ ಪಾದದ ಕೆಳಗಿನ ಆಸರೆ ಒಮ್ಮೆಲೇ ಮಾಯವಾಗುತ್ತದೆ, ಸವಾರರು ಅಡ್ಡ ಪಟ್ಟಿಯ ಮೇಲೋ ರಸ್ತೆಯ ಮೇಲೋ ಬೀಳುತ್ತಾರೆ. ಕಂಬಿ ಕಟ್ಟಲೇಬೇಕಾದರೆ ಮೂರು ನಾಲ್ಕು ಎಳೆ ಹೊಸೆದು ಕಟ್ಟಿ, ಸಮತಟ್ಟಿನಲ್ಲಿ ಕೂತು ಮೆಲ್ಲಗೆ ತುಳಿಯಿರಿ, ಏರು ಬಂದರೆ ಇಳಿಯಿರಿ. ಮಾಮೂಲಿ ಸೈಕಲ್ಲಿನ ಚೈನಿನಲ್ಲಿ ಲಾಕ್ ಇರುವ ಒಂದು ಕೊಂಡಿ ಇರುತ್ತದೆ. ಅಂಥದೊಂದು ಕೊಂಡಿ ಜೇಬಿನಲ್ಲಿದ್ದರೆ ಈ ಯಾವ ಲೆಕ್ಕವೂ ಬೇಡ. ಹಾಕುವಾಗ ಲಾಕಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಲಿ. ಬಾಯಿ ಮುಂದಕ್ಕಿದ್ದರೆ ಏನಾದರೂ ತಗುಲಿ ಕಳಚಿಕೊಳ್ಳುತ್ತದೆ.

ಚೈನಿನಲ್ಲಿ ಕೈ ಕೊಯ್ದುಕೊಂಡವರಿಗೆ ಇನ್ನೊಂದು ಮಾತು. ತುಕ್ಕಿನಿಂದ ಧನುರ್ವಾಯು ಬರುತ್ತದೆ ಎಂಬುದು ಅರ್ಧ ನಿಜ. ರೋಗ ತರುವುದು ತುಕ್ಕಲ್ಲ, ಮಣ್ಣು ಮತ್ತು ಸಗಣಿಯಲ್ಲಿರುವ ಬ್ಯಾಕ್ಟೀರಿಯಾ. ತುಕ್ಕಿಲ್ಲದ ಹೊಸ ಚೈನೂ ರಸ್ತೆಯ ಮಣ್ಣು ಮೆತ್ತಿಕೊಂಡೇ ಇರುತ್ತದೆ. ಸಾಬೂನು ನೀರಿನಲ್ಲಿ ತೊಳೆದು, ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮಕ್ಕಳಿಗೆ 10 ಮತ್ತು 16ನೇ ವಯಸ್ಸಿಗೆ ಟಿಡಿ ಲಸಿಕೆ ಕೊಡುವುದು ಇದಕ್ಕೂ ಸೇರಿಯೇ.

ಬ್ರೇಕಿಗೆ ಉಪಾಯವಿಲ್ಲ

ಚಪ್ಪಲಿ ಬ್ರೇಕ್ ಯಾರಿಗೆ ಗೊತ್ತಿಲ್ಲ? ಹಿಂದಿನ ಟಯರಿಗೆ ಹಿಮ್ಮಡಿ ಒತ್ತುವುದು, ಇಲ್ಲವೇ ಎರಡೂ ಕಾಲು ನೆಲಕ್ಕೆ ಉಜ್ಜುವುದು. ಶಾಲೆ ಮೈದಾನದಲ್ಲಿ ಅದು ಆಟ. ಇಳಿಜಾರಿನಲ್ಲಿ ಏನಾಗುತ್ತದೆ ನೋಡಿ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಹಗುರಾದ ಚಕ್ರಕ್ಕೆ ನೆಲದ ಹಿಡಿತ ಕಡಿಮೆ. ಹೀಗಾಗಿ ಸೈಕಲ್ಲನ್ನು ಬೇಗ ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದ್ದು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಮತಟ್ಟಾದ ಒಣ ರಸ್ತೆಯಲ್ಲಿ ಎರಡೂ ಬ್ರೇಕ್ ಸರಿಯಾಗಿದ್ದರೆ ಸುಮಾರು 5 ಮೀಟರಿನಲ್ಲಿ ನಿಲ್ಲಬಹುದು, ಹಿಂದಿನ ಬ್ರೇಕ್ ಒಂದರಿಂದಲೇ ಆದರೆ ಸುಮಾರು 10 ಮೀಟರ್. ಇದು ಬ್ರೇಕ್ ಹಿಡಿದ ಮೇಲಿನ ದೂರ, ಅಪಾಯ ಕಂಡು ಕೈ ಹಿಡಿಕೆಗೆ ಹೋಗುವಷ್ಟರಲ್ಲಿ ಓಡಿದ ದೂರ ಬೇರೆ. ಚಪ್ಪಲಿಯ ಹಿಡಿತ ಹಿಂದಿನ ಬ್ರೇಕಿಗಿಂತಲೂ ಕಡಿಮೆ. ಇಳಿಜಾರು, ಒದ್ದೆ ರಸ್ತೆ, ಕ್ಯಾರಿಯರ್ ಮೇಲೆ ತಮ್ಮ ಕೂತಿದ್ದರೆ ಇನ್ನೂ ಕಡಿಮೆ. ಕಾಲು ಜಾರಿ ಕಡ್ಡಿಗಳ ನಡುವೆ ಸಿಕ್ಕರೆ ಹಿಮ್ಮಡಿಯ ಚರ್ಮ, ಕೆಲವೊಮ್ಮೆ ಮೂಳೆಯೂ ಹೋಗುತ್ತದೆ.

ತುಂಡಾದ ಬ್ರೇಕ್ ವೈರಿಗೆ ಗಂಟು ಹಾಕುವ ಉಪಾಯವೂ ಇದೆ. ಉಕ್ಕಿನ ಎಳೆಗಳ ವೈರಿನಲ್ಲಿ ಗಂಟು ಬಿಗಿಯಾಗಿ ಕೂರುವುದಿಲ್ಲ. ಮೆಲ್ಲಗೆ ಹಿಡಿದು ನೋಡುವಾಗ ಸರಿಯಾಗಿರುತ್ತದೆ, ಜೋರಾಗಿ ಹಿಡಿದಾಗ ಜಾರುತ್ತದೆ. ಜೋರಾಗಿ ಹಿಡಿಯುವುದು ಬಸ್ಸು ಅಡ್ಡ ಬಂದಾಗ. ಬ್ರೇಕಿನ ವಿಷಯದಲ್ಲಿ ನಮ್ಮ ಬಳಿ ಯಾವ ಜಾಣತನವೂ ಇಲ್ಲ: ಮುಂದಿನ ಬ್ರೇಕ್ ಹೋದರೆ ಇಳಿಜಾರಿನಲ್ಲಿ ಇಳಿದು ತಳ್ಳಿ, ಎರಡೂ ಹೋದರೆ ಪೂರ್ತಿ ತಳ್ಳಿ. ಮುಂದಿನ ಫೋರ್ಕಿನಲ್ಲಿ ಬಿರುಕು ಕಂಡರೂ ಅಷ್ಟೇ. ಬಟ್ಟೆ ಸುತ್ತಿ, ಕೋಲು ಕಟ್ಟಿ ಹೊರಡಬೇಡಿ.

ಫೋರ್ಕ್ ಎಂದಾಗ ಸೈಕಲ್ ಪ್ರಿಯರು ಹೇಳುವ ಒಂದು ನಿಜ ಕತೆಯಿದೆ. 1913ರ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರರ ಫೋರ್ಕ್ ಬೆಟ್ಟದ ಇಳಿಜಾರಿನಲ್ಲಿ ಮುರಿಯಿತು. ನಿಯಮದ ಪ್ರಕಾರ ಬೇರೆಯವರ ನೆರವು ಪಡೆಯುವಂತಿರಲಿಲ್ಲ. ಅವರು ಸೈಕಲ್ ಹೊತ್ತು ಹತ್ತಕ್ಕೂ ಹೆಚ್ಚು ಕಿ.ಮೀ. ನಡೆದು, ಹಳ್ಳಿಯ ಕುಲುಮೆಯಲ್ಲಿ ತಾವೇ ಫೋರ್ಕ್ ಬೆಸೆದರು. ತಿದಿ ಒತ್ತಿದ್ದು ಒಬ್ಬ ಹುಡುಗ ಎಂಬ ಕಾರಣಕ್ಕೆ ಅವರಿಗೆ ದಂಡವಾಗಿ ಸಮಯ ಸೇರಿಸಿದರು. ಹಂಚಿಕೊಳ್ಳುವವರು ಇದನ್ನು ಛಲದ ಕತೆಯಾಗಿ ಹಂಚುತ್ತಾರೆ. ಅವರು ಮುರಿದ ಫೋರ್ಕಿನ ಮೇಲೆ ಒಂದು ಮೀಟರೂ ಸವಾರಿ ಮಾಡಲಿಲ್ಲ, ನಡೆದರು ಎಂಬ ಭಾಗ ನಮಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ.

ಇವತ್ತಿನ ದೂರದ ಸೈಕಲ್ ಸವಾರಿಗಳಲ್ಲೂ ಆ ನಿಯಮದ ನೆರಳಿದೆ. ಬ್ರೆವೆ ಎನ್ನುವ ಸವಾರಿಯಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600 ಕಿ.ಮೀ.ಗೆ 40 ಗಂಟೆ ಗಡುವು. ನಿಗದಿತ ತಾಣಗಳ ನಡುವೆ ಹಿಂದೆ ಕಾರಿನಲ್ಲಿ ಬಂದು ಯಾರೂ ನೆರವಾಗುವಂತಿಲ್ಲ. ದಾರಿಯ ಪಂಚರ್ ಅಂಗಡಿಗೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಆದರೆ ಒಂದು ಎಚ್ಚರಿಕೆ: ರಸ್ತೆ ಬದಿಯ ಅಂಗಡಿಗಳು ಈಗ ಹೆಚ್ಚಾಗಿ ಬೈಕಿನವು. ತೆಳು ಟಯರಿನ ಗೇರ್ ಸೈಕಲ್ಲಿನ ಟ್ಯೂಬ್ ಹಳ್ಳಿಯಲ್ಲಿ ಸಿಗುವುದು ಕಷ್ಟ. ಪೆಟ್ರೋಲ್ ಬಂಕಿನ ಗಾಳಿ ಪೈಪು ಬೈಕ್, ಕಾರಿನ ವಾಲ್‌ಗೆ ಹೊಂದುವಂಥದ್ದು, ನಮ್ಮ ಸೈಕಲ್ಲಿನ ವಾಲ್‌ಗೆ ಕೂರುವುದಿಲ್ಲ. ಕೂರುವಂಥ ವಾಲ್ ಇದ್ದರೂ ಸೈಕಲ್ ಟ್ಯೂಬ್ ಚಿಕ್ಕದು, ಕಣ್ಣು ಮಿಟುಕಿಸುವಷ್ಟರಲ್ಲಿ ತುಂಬಿ ಒಡೆಯಬಹುದು. ಒಂದೊಂದು ಸೆಕೆಂಡು ಬಿಟ್ಟು ಬಿಟ್ಟು ಹಾಕಿಸಿ, ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಒತ್ತಡವನ್ನು ದಾಟಬೇಡಿ.

ಮನೆ ಸೇರಿದ ಮೇಲೆ

ಫಾರ್ವರ್ಡ್ ವಿಡಿಯೋ ಸೈಕಲ್ ಹೊರಟಲ್ಲಿಗೆ ಮುಗಿಯುತ್ತದೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ತುಂಬಿದ ಹುಲ್ಲು ರಾತ್ರಿ ಕಳೆಯುವುದರೊಳಗೆ ಕುಗ್ಗುತ್ತದೆ, ಅದರ ಹಸಿಗೆ ರಿಮ್ಮು ತುಕ್ಕು ಹಿಡಿಯುತ್ತದೆ. ಮಡಚಿ ಇಟ್ಟ ನೋಟಿನ ಅಂಚು ಟ್ಯೂಬನ್ನು ಉಜ್ಜಿ ಹೊಸ ತೂತು ಮಾಡುತ್ತದೆ. ಕಂಬಿ ಕಟ್ಟಿದ ಕೊಂಡಿ ಪ್ರತಿ ಸುತ್ತಿಗೂ ಫ್ರೀವೀಲಿನ ಹಲ್ಲನ್ನು ತಿನ್ನುತ್ತದೆ. "ಹೆಂಗೂ ಓಡ್ತಾ ಇದೆಯಲ್ಲ, ಸಂತೆ ದಿನ ಪೇಟೆಗೆ ಹೋದಾಗ ಮಾಡಿಸಿದರಾಯಿತು" ಎಂದು ಬಿಟ್ಟ ಸೈಕಲ್ಲನ್ನು ಮರುದಿನ ಬೆಳಿಗ್ಗೆ ಶಾಲೆಗೆ ತುಳಿಯುವುದು ಮಗಳು. ಹುಲ್ಲು ಯಾವ ಚಕ್ರದಲ್ಲಿದೆ, ಕಂಬಿ ಎಲ್ಲಿದೆ ಎಂಬುದು ಅವಳಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಅದೇ ಸಂಜೆ ಹುಲ್ಲು ತೆಗೆದು, ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿ ಮುರಿದ ಮುಳ್ಳಿನ ತುದಿ ಉಳಿದಿದೆಯೇ ನೋಡಿ. ಬಟ್ಟೆಯ ಎಳೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಮುಳ್ಳು ಅಲ್ಲಿರುತ್ತದೆ. ಹೊಸ ಟ್ಯೂಬ್ ಬರುವ ತನಕ ಸೈಕಲ್ಲನ್ನು ಗೋಡೆಗೆ ಒರಗಿಸಿ, ಗಾಳಿ ಪೂರ್ತಿ ಬಿಟ್ಟಿಡಿ. ಹಾಗಿಟ್ಟರೆ ಮನೆಯಲ್ಲಿ ಯಾರೂ ಗೊತ್ತಿಲ್ಲದೆ ಹತ್ತಿ ಹೊರಡುವುದಿಲ್ಲ.